ಕುಂಬಾರನಿಲ್ಲದ ಹುತ್ತ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಕೊಗನೊಳ್ಳಿ ಎಂದರೆ ಟೋಲ್ ನಾಕಾ. ಕರ್ನಾಟಕ ಮುಗಿಯುವ ಜಾಗ ಅದು. ದಾಟಿದರೆ ಕಾಗಲ್, ಅದರಾಚೆ ಕೊಲ್ಹಾಪುರ. ನಾಕಾದ ಸುತ್ತಲಿನ ಎರೆ ಹೊಲಗಳನ್ನು ನೋಡಲು ಯಾರೂ ಗಾಡಿ ನಿಲ್ಲಿಸುವುದಿಲ್ಲ. ಈಗ ಅಲ್ಲಿ ಕಬ್ಬು, ಸೋಯಾಬೀನ್ ಹೆಚ್ಚು. ಹಿಂದಿನ ತಲೆಮಾರಿನ ತನಕ ನಿಪ್ಪಾಣಿ ಸೀಮೆಯ ಹೆಸರು ನಿಂತಿದ್ದದ್ದು ಬೀಡಿ ತಂಬಾಕಿನ ಮೇಲೆ. 1981ರಲ್ಲಿ ತಂಬಾಕಿನ ದರಕ್ಕಾಗಿ ಇದೇ ಹೆದ್ದಾರಿಯಲ್ಲಿ ಕೂತ ರೈತರ ಮೇಲೆ ಗೋಲಿಬಾರ್ ನಡೆಯಿತು, ಸಾವುಗಳಾದವು. ಬೆಳೆ ಇಂದು ಕಡಿಮೆಯಾಗಿದೆ, ಹೊಲ ಬಿಟ್ಟು ಹೋಗಿಲ್ಲ.

ತಂಬಾಕು ಇದ್ದಲ್ಲಿ ಇನ್ನೊಂದು ಗಿಡವೂ ಇರುತ್ತದೆ. ಸಸಿ ನೆಟ್ಟು ಒಂದೂವರೆ ತಿಂಗಳಾಗುವ ಹೊತ್ತಿಗೆ ತಂಬಾಕಿನ ಬುಡದಲ್ಲಿ ಮಾಸಲು ಬಣ್ಣದ ದಂಟುಗಳು ನೆಲ ಒಡೆದು ಏಳುತ್ತವೆ. ಹಸಿರಿನ ಸುಳಿವೇ ಇಲ್ಲ. ಎಲೆ ಇರಬೇಕಾದಲ್ಲಿ ಒಣ ಹೊಟ್ಟಿನಂಥ ಚೂರುಗಳು, ತುದಿಯಲ್ಲಿ ಸಣ್ಣ ನೀಲಿ ಹೂಗಳು. ಗಡಿಭಾಗದ ಮರಾಠಿಯಲ್ಲಿ ಇದು ಬಂಬಾಕು. ಸಸ್ಯಶಾಸ್ತ್ರಜ್ಞರ ದಾಖಲೆಯಲ್ಲಿ ಒರೊಬಾಂಕೆ ಸೆರ್ನುವಾ. ತನ್ನ ಊಟವನ್ನು ತಾನು ಬೇಯಿಸಿಕೊಳ್ಳದ ಗಿಡ. ತಂಬಾಕಿನ ಬೇರಿಗೆ ಚುಚ್ಚಿಕೊಂಡು ನೀರು, ಸಕ್ಕರೆ, ಉಪ್ಪು ಎಲ್ಲವನ್ನೂ ಅಲ್ಲಿಂದಲೇ ಹೀರುತ್ತದೆ. ಒಂದೊಂದು ಗಿಡ ಲಕ್ಷಕ್ಕೂ ಮಿಕ್ಕಿ ಬೀಜ ಉದುರಿಸಬಲ್ಲದು. ಬೀಜವೆಂದರೆ ಕಾಲು ಮಿಲಿಮೀಟರಿನ ಧೂಳು. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ಬರೀ ಮಳೆ ಬಂದರೆ ಏಳುವುದಿಲ್ಲ, ಬರೀ ಗೊಬ್ಬರ ಹಾಕಿದರೆ ಏಳುವುದಿಲ್ಲ. ತಕ್ಕ ಗಿಡದ ಬೇರೊಂದು ಹತ್ತಿರ ಬಂದು, ಆ ಬೇರು ಒಸರುವ ರಾಸಾಯನಿಕ ತಾಗಿದರಷ್ಟೇ ಮೊಳಕೆ.

ಇಷ್ಟು ಕರಾರುವಾಕ್ಕಾದ ಏರ್ಪಾಡು ತಂತಾನೇ ಆಗಲು ಸಾಧ್ಯವೇ? ಯಾರೋ ಯೋಚಿಸಿ ಮಾಡಿರಬೇಕಲ್ಲವೇ? ಹೀಗೆ ಅನ್ನಿಸುವುದು ಸಹಜ. ಬಾಗಿ ಬಾಗಿ ಬಂಬಾಕು ಕೀಳುವವರಿಗೆ ಹುಟ್ಟುವ ಪ್ರಶ್ನೆ ಮಾತ್ರ ಬೇರೆ: “ದೇವರ ಮಾಡಿದ್ದಂದ್ರ, ಇದನ್ನ ಯಾಕ ಮಾಡ್ಯಾನ್ರೀ?” ಎರಡನೆಯ ಪ್ರಶ್ನೆಗೆ ವಿಜ್ಞಾನದಲ್ಲಿ ಉತ್ತರವಿಲ್ಲ, ಅದು ಅದರ ಕೆಲಸವೂ ಅಲ್ಲ. ಮೊದಲನೆಯದಕ್ಕೆ ಇದೆ. ಈ ಅಧ್ಯಾಯ ಅದನ್ನು ಕುರಿತದ್ದು.

ಮೊದಲನೆಯ ಪ್ರಶ್ನೆಯನ್ನು ಅಮೆರಿಕದವರು ಕಂಡುಹಿಡಿದರೆಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮಲ್ಲಿ ನ್ಯಾಯ ದರ್ಶನದವರು ಸಾವಿರ ವರ್ಷಕ್ಕೂ ಹಿಂದೆ ಇದನ್ನು ಬಿಗಿಯಾದ ವಾದವಾಗಿ ಕಟ್ಟಿದ್ದರು. ಗಡಿಗೆ ಒಂದು ಕಾರ್ಯ. ಅದಕ್ಕೆ ಕುಂಬಾರನೆಂಬ ಕರ್ತೃ ಇದ್ದಾನೆ. ಭೂಮಿ, ಮೊಳಕೆ ಮುಂತಾದವೂ ಕಾರ್ಯಗಳೇ. ಆದ್ದರಿಂದ ಅವಕ್ಕೂ ಬುದ್ಧಿಯುಳ್ಳ ಕರ್ತೃ ಇರಲೇಬೇಕು. ಹತ್ತನೆಯ ಶತಮಾನದಲ್ಲಿ ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯಲ್ಲಿ ಈಶ್ವರನ ಪರವಾಗಿ ಕೂಡಿಹಾಕಿದ ವಾದಗಳಲ್ಲಿ ಇದೂ ಒಂದು. ಅವರಿಗಿಂತ ಮುನ್ನೂರು ವರ್ಷ ಮೊದಲೇ ಬೌದ್ಧ ತಾರ್ಕಿಕ ಧರ್ಮಕೀರ್ತಿ ಈ ವಾದದ ಸಂದಿ ಎಲ್ಲಿದೆಯೆಂದು ತೋರಿಸಿದ್ದ. ಗಡಿಗೆಯೂ ಮಣ್ಣಿನ ಆಕಾರ, ಹುತ್ತವೂ ಮಣ್ಣಿನ ಆಕಾರ. ಹಾಗೆಂದು ಹುತ್ತ ಕಂಡಲ್ಲೆಲ್ಲ ಕುಂಬಾರನನ್ನು ಊಹಿಸುತ್ತೇವೆಯೇ? ಗಡಿಗೆಗೆ ಕುಂಬಾರ ಬೇಕೆಂದು ನಮಗೆ ಗೊತ್ತಿರುವುದು ಕುಂಬಾರ ಗಡಿಗೆ ಮಾಡುವುದನ್ನು ಕಂಡಿರುವುದರಿಂದ. ನೋಡಲು ಹಾಗೇ ಇದೆ ಎಂಬ ಒಂದೇ ಆಧಾರದ ಮೇಲೆ ಆ ತಿಳಿವಳಿಕೆಯನ್ನು ಬೇರೆ ಜಾತಿಯ ವಸ್ತುವಿಗೆ ಹಚ್ಚಲಾಗದು. ಬೆಳಗಾವಿ ಸೀಮೆಯ ಬದುಗಳಲ್ಲಿ ಹುತ್ತಕ್ಕೇನು ಕಮ್ಮಿಯಿಲ್ಲ. ಒಳಗೆ ಗಾಳಿಯಾಡುವ ಓಣಿಗಳು, ಮೊಟ್ಟೆ ಮರಿಗಳ ಕೋಣೆಗಳು. ನಕ್ಷೆ ಬರೆದ ಗೆದ್ದಲು ಒಂದೂ ಇಲ್ಲ.

ಕನ್ನಡ ನಾಡಿನಲ್ಲಿ ಈ ಚರ್ಚೆಗೆ ಇನ್ನೂ ಹತ್ತಿರದ ನಂಟಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಒಕ್ಕಲುತನ ಮಾಡುವ ಜೈನರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ನಿಪ್ಪಾಣಿ ಪಕ್ಕದ ಸ್ತವನಿಧಿ, ಕಾಗವಾಡದ ಕಡೆಯ ಶೇಡಬಾಳ ಅವರ ಹೆಸರಾಂತ ಕ್ಷೇತ್ರಗಳು. ಜಗತ್ತನ್ನು ಸೃಷ್ಟಿಸಿದ ದೇವರು ಅವರ ದರ್ಶನದಲ್ಲಿ ಇಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನಿಗೆ ಗುರುವಾಗಿದ್ದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಮಹಾಪುರಾಣದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ಎಳೆ ಎಳೆಯಾಗಿ ಬಿಡಿಸಿಟ್ಟಿದ್ದಾರೆ: ಲೋಕ ಹುಟ್ಟುವ ಮೊದಲು ಆತ ಎಲ್ಲಿ ನಿಂತಿದ್ದ, ಸಾಮಗ್ರಿ ಎಲ್ಲಿಂದ ತಂದ, ಕೊರತೆಯೇ ಇಲ್ಲದವನಿಗೆ ಮಾಡುವ ಬಯಕೆ ಯಾಕೆ ಬಂತು ಎಂದು. ಪಂಪ 941ರಲ್ಲಿ ಕನ್ನಡಕ್ಕೆ ಆದಿಪುರಾಣ ತಂದದ್ದು ಇವರ ಗ್ರಂಥವನ್ನು ಆಧರಿಸಿ. ಅಮೆರಿಕದ ಖಗೋಳವಿಜ್ಞಾನಿ ಕಾರ್ಲ್ ಸೇಗನ್ ತನ್ನ ‘ಕಾಸ್ಮೋಸ್’ ಪುಸ್ತಕದಲ್ಲಿ ಉದ್ಧರಿಸಿದ್ದೂ ಇದೇ ಜಿನಸೇನರನ್ನು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದ ವಾದ ಅಮೆರಿಕ ಸುತ್ತಿ ನಮಗೆ ಮರಳಿತು ಅನ್ನಿ.

ಹಾಗೆಂದು ಜಿನಸೇನರು ಡಾರ್ವಿನ್‌ಗಿಂತ ಸಾವಿರ ವರ್ಷ ಮುಂಚಿನ ಡಾರ್ವಿನ್ ಎಂದು ಹೆಮ್ಮೆಪಡುವುದು ತಪ್ಪಾಗುತ್ತದೆ. ಅವರ ಲೋಕ ಅನಾದಿ, ಅನಂತ. ಒಂದು ಜೀವಜಾತಿ ಕವಲೊಡೆದು ಎರಡಾಗುತ್ತದೆಂಬ ವಿಚಾರ ಅಲ್ಲಿಲ್ಲ. ಕರ್ತೃವನ್ನು ತೆಗೆದುಹಾಕಿದ ಮಾತ್ರಕ್ಕೆ ಜೀವವಿಕಾಸ ಸಿದ್ಧವಾಗುವುದಿಲ್ಲ. ಅದಕ್ಕೆ ಹೊಲದ, ಕಲ್ಲಿನ, ಜೀವಕೋಶದ ಸಾಕ್ಷ್ಯ ಬೇಕು. ವಾದ ಎಷ್ಟು ಚೊಕ್ಕವಾಗಿದ್ದರೂ ಅದು ಸಾಕ್ಷ್ಯದ ಜಾಗ ತುಂಬುವುದಿಲ್ಲ. ಇದು ಉದಯನರಿಗೂ ಸಲ್ಲುವ ಮಾತು, ಜಿನಸೇನರಿಗೂ.

ಪಶ್ಚಿಮದ ಕಥೆಯನ್ನು ಬೇಗ ಮುಗಿಸೋಣ. 1802ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ ಗಡಿಗೆಯ ಜಾಗದಲ್ಲಿ ಗಡಿಯಾರ ಇಟ್ಟು ಅದೇ ವಾದ ಹೂಡಿದ. ಡಾರ್ವಿನ್ ಕಾಲೇಜಿನ ದಿನಗಳಲ್ಲಿ ಪೇಲಿಯನ್ನು ಓದಿ ಮೆಚ್ಚಿದವನು. 1859ರಲ್ಲಿ ಅವನೇ ಬೇರೆ ಉತ್ತರ ಕೊಟ್ಟ. ಅಮೆರಿಕದಲ್ಲಿ ಬೈಬಲ್ಲಿನ ಸೃಷ್ಟಿಕಥೆಯನ್ನು ವಿಜ್ಞಾನದ ಪಾಠವಾಗಿ ಹೇಳಿಕೊಡಲು ನಡೆದ ಯತ್ನವನ್ನು 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಆಮೇಲೆ ಮುಂದೆ ಬಂದದ್ದು ದೇವರ ಹೆಸರು ಹೇಳದ ‘ಬುದ್ಧಿಪೂರ್ವಕ ವಿನ್ಯಾಸ’. ಅದರ ಗಟ್ಟಿ ದನಿ ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹೆ. 1996ರ ಪುಸ್ತಕದಲ್ಲಿ ಅವರು ಹೇಳಿದ್ದಿಷ್ಟು: ಜೀವಕೋಶದ ಕೆಲವು ಏರ್ಪಾಡುಗಳಲ್ಲಿ ಒಂದು ಭಾಗ ಕಳಚಿದರೂ ಇಡೀ ಕೆಲಸ ನಿಲ್ಲುತ್ತದೆ. ಅರ್ಧ ಆದದ್ದರಿಂದ ಉಪಯೋಗವಿಲ್ಲ ಅಂದಮೇಲೆ ಹಂತಹಂತವಾಗಿ ಅದು ಬಂದಿರಲಾರದು. ಒಮ್ಮೆಗೇ ಯಾರೋ ಜೋಡಿಸಿರಬೇಕು. 2004ರಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಎಂಬ ಊರಿನ ಶಾಲಾ ಮಂಡಳಿ ಇದನ್ನು ತರಗತಿಗೆ ತರಹೊರಟಾಗ ಪಾಲಕರು ಕೋರ್ಟಿಗೆ ಹೋದರು. ಬೀಹೆ ಕಟಕಟೆ ಹತ್ತಿ ಸಾಕ್ಷಿ ಹೇಳಿದರು. 2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ ಇದು ವಿಜ್ಞಾನವಲ್ಲವೆಂದು ತೀರ್ಪಿತ್ತರು. ಆ ವಿಚಾರಣೆಯ ಒಂದು ಸ್ವಾರಸ್ಯದ ತುಣುಕಿದೆ, ಅದನ್ನು ಮುಂದೆ ಹೇಳುತ್ತೇನೆ.

ಭಾರತದ ಜಗಳ ಬೇರೆ ಬಗೆಯದು. 2018ರ ಜನವರಿಯಲ್ಲಿ ಕೇಂದ್ರದ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಔರಂಗಾಬಾದಿನಲ್ಲಿ, ಮಂಗ ಮನುಷ್ಯನಾದದ್ದನ್ನು ನಮ್ಮ ಪೂರ್ವಜರು ಯಾರೂ ಕಂಡಿಲ್ಲ, ಡಾರ್ವಿನ್ ಸಿದ್ಧಾಂತ ತಪ್ಪು, ಪಠ್ಯದಲ್ಲಿ ಅದು ಬದಲಾಗಬೇಕು ಎಂಬರ್ಥದ ಮಾತಾಡಿದರು. ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿ ದೇಶದ ಮೂರೂ ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. ಮುಂದಿನ ವರ್ಷ ಜಲಂಧರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಕುಲಪತಿಯೊಬ್ಬರು ದಶಾವತಾರ ಡಾರ್ವಿನ್‌ಗಿಂತ ಮೇಲು ಎಂದರು. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ‘ಅನುವಂಶೀಯತೆ ಮತ್ತು ವಿಕಾಸ’ ಪಾಠದಿಂದ ವಿಕಾಸ ಬಿದ್ದುಹೋಗಿ ಅನುವಂಶೀಯತೆ ಮಾತ್ರ ಉಳಿಯಿತು; ಹೊರೆ ತಗ್ಗಿಸುವುದು ಕಾರಣವೆಂದರು, 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಪ್ರತಿಭಟಿಸಿದರು. ಹನ್ನೆರಡನೆಯ ತರಗತಿಯಲ್ಲಿ ಜೀವಶಾಸ್ತ್ರ ತೆಗೆದುಕೊಂಡವರಿಗೆ ಆ ಪಾಠ ಉಳಿದಿದೆ. ಹತ್ತಕ್ಕೇ ಓದು ನಿಲ್ಲಿಸಿ ಹೊಲಕ್ಕೆ ಬರುವವರಿಗೆ ಇಲ್ಲ. ನನ್ನ ಪ್ರಕಾರ ಅದು ಹೆಚ್ಚಾಗಿ ಬೇಕಾದದ್ದು ಅವರಿಗೇ.

ದಶಾವತಾರದ ಬಗ್ಗೆ ಒಂದು ಮಾತು. ಮೀನಿನಿಂದ ಮನುಷ್ಯನವರೆಗಿನ ಆ ಸಾಲು ಸೊಗಸಾಗಿದೆ, ಅದನ್ನು ಗಮನಿಸಿದವರಲ್ಲಿ ಭಾರತಕ್ಕೆ ಬಂದು ನೆಲೆಸಿದ ಜೀವವಿಜ್ಞಾನಿ ಹಾಲ್ಡೇನ್ ಕೂಡ ಒಬ್ಬರು. ಆದರೆ ತಂಬಾಕು ಎಲ್ಲಿಂದ ಬಂತು, ಬಂಬಾಕು ಯಾಕೆ ಎಲೆ ಕಳೆದುಕೊಂಡಿತು ಎಂದು ಅದನ್ನು ಕೇಳಿದರೆ ಉತ್ತರವಿಲ್ಲ. ಪುರಾಣಕ್ಕೆ ಆ ಹೊರೆ ಹೊರಿಸುವುದು ಪುರಾಣಕ್ಕೂ ಮರ್ಯಾದೆಯಲ್ಲ.

ಯಾರೂ ಕಂಡಿಲ್ಲ ಎಂಬ ಆಕ್ಷೇಪವನ್ನು ಮಂಗನ ಬದಲು ತಂಬಾಕಿಗೆ ಹಚ್ಚಿ ನೋಡೋಣ. ತಂಬಾಕು ನಮ್ಮದಲ್ಲ, ದಕ್ಷಿಣ ಅಮೆರಿಕದ್ದು. ಪೋರ್ಚುಗೀಸರೊಂದಿಗೆ ಪಶ್ಚಿಮ ಕರಾವಳಿಗೆ ಬಂತು. 1604ರ ಸುಮಾರಿಗೆ ಅಕ್ಬರನ ದೂತನಾಗಿ ವಿಜಾಪುರಕ್ಕೆ ಹೋಗಿದ್ದ ಅಸದ್ ಬೇಗ್ ಅಲ್ಲಿ ಮೊದಲ ಬಾರಿಗೆ ತಂಬಾಕು ಕಂಡು, ಚಿಲುಮೆಯ ಸಮೇತ ಬಾದಶಹನಿಗೆ ಒಯ್ದದ್ದನ್ನು ಬರೆದಿಟ್ಟಿದ್ದಾನೆ. ಉತ್ತರ ಹಿಂದುಸ್ತಾನದ ಆಸ್ಥಾನಕ್ಕೆ ಈ ಚಟ ಹೋದದ್ದು ಅಥಣಿಯ ಪಕ್ಕದ ವಿಜಾಪುರದಿಂದ. ಇರಲಿ. ತಂಬಾಕಿನ ಜೀವಕೋಶದಲ್ಲಿ 24 ಜೊತೆ ವರ್ಣತಂತುಗಳಿವೆ. ಅದರ ಕಾಡು ಬಂಧುಗಳಾದ ನಿಕೋಷಿಯಾನಾ ಸಿಲ್ವೆಸ್ಟ್ರಿಸ್, ನಿಕೋಷಿಯಾನಾ ಟೊಮೆಂಟೊಸಿಫಾರ್ಮಿಸ್ ಎರಡರಲ್ಲೂ ತಲಾ 12 ಜೊತೆ. ಆಂಡೀಸ್ ಪರ್ವತದ ಸೆರಗಿನಲ್ಲಿ, ಸುಮಾರು ಎರಡು ಲಕ್ಷ ವರ್ಷಗಳ ಈಚೆಗೆ, ಈ ಎರಡರ ನಡುವೆ ಪರಾಗಸ್ಪರ್ಶವಾಗಿ, ಹುಟ್ಟಿದ ಮಿಶ್ರ ಗಿಡದಲ್ಲಿ ವರ್ಣತಂತುಗಳ ಸಂಖ್ಯೆ ಇಮ್ಮಡಿಯಾಗಿ ಹೊಸ ಜಾತಿಯೊಂದು ನಿಂತಿತು. ಅದೇ ತಂಬಾಕು. 2014ರಲ್ಲಿ ತಂಬಾಕಿನ ಇಡೀ ಜೀನೋಮ್ ಓದಿದಾಗ ಎರಡೂ ತಾಯ್ತಂದೆಯರ ಪಾಲು ಬೇರೆ ಬೇರೆಯಾಗಿ ಗುರುತಿಸುವಂತೆ ಇತ್ತು. ಓದಿದವರು ಫಿಲಿಪ್ ಮಾರಿಸ್ ಸಿಗರೇಟ್ ಕಂಪನಿಯ ವಿಜ್ಞಾನಿಗಳು. ತಮ್ಮ ಕಚ್ಚಾ ಮಾಲಿನ ವಂಶಾವಳಿ ಅವರಿಗೂ ಬೇಕಿತ್ತು.

ಎರಡು ಲಕ್ಷ ವರ್ಷದ ಹಿಂದಿನದನ್ನು ಕಂಡವರು ಯಾರು? ಯಾರೂ ಇಲ್ಲ. ಆದರೆ ಅಂಥದೇ ಘಟನೆಯನ್ನು ಕಂಡವರಿದ್ದಾರೆ. ಕ್ಯಾಲಿಫೋರ್ನಿಯಾದ ಕ್ಲಾಸೆನ್ ಮತ್ತು ಗುಡ್‌ಸ್ಪೀಡ್ 12 ಜೊತೆಯ ನಿಕೋಷಿಯಾನಾ ಗ್ಲುಟಿನೋಸಾವನ್ನು 24 ಜೊತೆಯ ತಂಬಾಕಿನೊಡನೆ ಕೂಡಿಸಿದರು. ಇಂಥ ಮಿಶ್ರ ಗಿಡಗಳು ಬಂಜೆ. ಜೊತೆ ಸಿಗದ ವರ್ಣತಂತುಗಳಿಂದ ಸರಿಯಾದ ಪರಾಗ ಆಗುವುದಿಲ್ಲ. ಆದರೂ ಒಂದು ಗಿಡ ಬೀಜ ಕಟ್ಟಿತು. ಅದರಲ್ಲಿ ವರ್ಣತಂತುಗಳು ಇಮ್ಮಡಿಯಾಗಿದ್ದವು: 36 ಜೊತೆ. ಅದರ ಮಕ್ಕಳು ಮೊಮ್ಮಕ್ಕಳು ಅದರಂತೆಯೇ ಹುಟ್ಟಿದವು. 1925ರಲ್ಲಿ ಅವರು ಅದಕ್ಕೆ ನಿಕೋಷಿಯಾನಾ ಡಿಗ್ಲುಟಾ ಎಂದು ಹೆಸರಿಟ್ಟರು. ಹೊಸ ಜಾತಿ ಹೀಗೆ ಹುಟ್ಟಬಹುದೆಂದು ಡೆನ್ಮಾರ್ಕಿನ ವಿಂಗೆ 1917ರಲ್ಲೇ ಊಹಿಸಿದ್ದ. ಕೂಡಿಸಿದ್ದು ಮನುಷ್ಯರಲ್ಲವೇ, ಅಲ್ಲಿಗೆ ವಿನ್ಯಾಸವಾಯಿತಲ್ಲ ಎಂದು ಕೇಳಬಹುದು. ಪರಾಗ ಒಯ್ದದ್ದು ಮನುಷ್ಯರು, ನಿಜ. ಇಮ್ಮಡಿಯಾದದ್ದು ಯಾರ ಅಪ್ಪಣೆಯಿಂದಲೂ ಅಲ್ಲ. ಅವರು ಅದಕ್ಕಾಗಿ ಏನೂ ಮಾಡಿರಲಿಲ್ಲ. ಆ ಬೆರಕೆಯಿಂದ ಲಾಭವೂ ಆಯಿತು. ಮೊಸಾಯಿಕ್ ರೋಗವನ್ನು ತಡೆಯುವ ಗ್ಲುಟಿನೋಸಾದ ಜೀನ್ ಒಂದು 1938ರ ಹೊತ್ತಿಗೆ ಬೆಳೆಯ ತಂಬಾಕಿಗೆ ದಾಟಿತು.

ಇನ್ನು ಬೀಹೆಯ ಅಳತೆಗೋಲನ್ನೇ ತಂಬಾಕಿಗೆ ಹಿಡಿಯೋಣ. ಹೂಮೊಗ್ಗು ಬರುವ ಹೊತ್ತಿಗೆ ರೈತರು ತಂಬಾಕಿನ ಕುಡಿ ಮುರಿಯುತ್ತಾರೆ, ಆಮೇಲೆ ಸಂದಿಯಲ್ಲಿ ಒಡೆಯುವ ಚಿಗುರನ್ನೂ ತೆಗೆಯುತ್ತಾರೆ. ಎಲೆ ದಪ್ಪವಾಗುತ್ತದೆ, ಮಾಲು ಕಡಕ್ ಆಗುತ್ತದೆ. ಕಡಕ್ ಎಂದರೆ ನಿಕೋಟಿನ್ ಹೆಚ್ಚು. ವಿಚಿತ್ರವೆಂದರೆ ನಿಕೋಟಿನ್ ತಯಾರಾಗುವುದು ಎಲೆಯಲ್ಲಲ್ಲ, ಬೇರಿನಲ್ಲಿ. 1940ರ ದಶಕದ ಮೊದಲಲ್ಲಿ ವಿಜ್ಞಾನಿ ರೇ ಡಾಸನ್ ತಂಬಾಕಿನ ಬುಡಕ್ಕೆ ಟೊಮೆಟೊ ಕಸಿ ಕಟ್ಟಿದ. ಟೊಮೆಟೊ ಎಲೆಗಳಲ್ಲಿ ನಿಕೋಟಿನ್ ಬಂತು. ಕುಡಿ ಮುರಿದದ್ದನ್ನು ಗಿಡ ಹುಳದ ಕಡಿತವೆಂಬಂತೆ ತೆಗೆದುಕೊಂಡು ಬೇರಿಗೆ ಸುದ್ದಿ ಮುಟ್ಟಿಸುತ್ತದೆ, ಬೇರು ವಿಷ ಕಳಿಸುತ್ತದೆ. ಹೌದು, ವಿಷವೇ. ಅಮೆರಿಕದ ಯೂಟಾದಲ್ಲಿ ಬೆಳೆಯುವ ಕಾಡು ತಂಬಾಕಿನಲ್ಲಿ ನಿಕೋಟಿನ್ ತಯಾರಿಯ ಜೀನ್ ಒಂದನ್ನು ಮೌನಗೊಳಿಸಿ ಬಯಲಲ್ಲಿ ನೆಟ್ಟಾಗ, ಆ ಗಿಡಗಳು ಹುಳಗಳಿಗೆ ಸುಮಾರು ಮೂರು ಪಟ್ಟು ಹೆಚ್ಚು ಎಲೆ ಕಳೆದುಕೊಂಡವು. 2004ರಲ್ಲಿ ಪ್ರಕಟವಾದ ಪ್ರಯೋಗ ಇದು.

ನಿಕೋಟಿನ್ ಅಣುವಿನಲ್ಲಿ ಎರಡು ಉಂಗುರಗಳಿವೆ, ಒಂದು ಆರು ಮೂಲೆಯದು, ಇನ್ನೊಂದು ಐದು ಮೂಲೆಯದು. ಒಂದೊಂದನ್ನೂ ಸಾಲಾಗಿ ಹಲವು ಕಿಣ್ವಗಳು ಕಟ್ಟುತ್ತವೆ, ಕೊನೆಗೆ ಎರಡೂ ಕೂಡುತ್ತವೆ, ಆಮೇಲೆ ಎಲೆಗೆ ಸಾಗಣೆ. ಒಂದು ಕಿಣ್ವ ತೆಗೆದರೆ ಕೆಲಸ ಕೆಡುತ್ತದೆ. ಯೂಟಾದ ಪ್ರಯೋಗ ತೋರಿಸಿದ್ದೂ ಅದನ್ನೇ. ಬೀಹೆಯ ವಾದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕೆ? ಆದರೆ 2017ರಲ್ಲಿ ಕಾಡು ತಂಬಾಕುಗಳ ಜೀನೋಮ್ ಓದಿದ ಜರ್ಮನಿಯ ತಂಡ ಈ ಕಿಣ್ವಗಳ ನೆಂಟರು ಯಾರೆಂದು ಹುಡುಕಿತು. ಆರು ಮೂಲೆಯ ಉಂಗುರದ ಕಿಣ್ವಗಳು, ಪ್ರತಿ ಜೀವಕೋಶಕ್ಕೂ ಬೇಕಾದ ಎನ್‌ಎಡಿ ಎಂಬ ಅಣುವನ್ನು ತಯಾರಿಸುವ ಕಿಣ್ವಗಳ ಎರಡನೆಯ ಪ್ರತಿಗಳು. ಐದು ಮೂಲೆಯದರ ಕಿಣ್ವಗಳು, ಕೋಶ ಬೆಳೆಯಲು ಬೇಕಾದ ಪಾಲಿಅಮೀನ್‌ಗಳ ದಾರಿಯಿಂದ ಬಂದ ಪ್ರತಿಗಳು. ಜೀನ್‌ಗಳು ಪ್ರತಿಯಾಗುವುದು ಅಪರೂಪವಲ್ಲ. ಮೂಲ ಪ್ರತಿ ಹಳೆಯ ಕೆಲಸ ನೋಡಿಕೊಳ್ಳುತ್ತದೆ, ಹೆಚ್ಚುವರಿ ಪ್ರತಿ ಅಂಕೆಯಿಲ್ಲದೆ ಬದಲಾಗುತ್ತ ಹೋಗಬಹುದು. ಇನ್ನೂ ಸ್ವಾರಸ್ಯವೆಂದರೆ, ಐದು ಮೂಲೆಯ ಉಂಗುರದ ಕಡೆಯ ಪ್ರತಿ ತಂಬಾಕಿಗಷ್ಟೇ ಸೇರಿದ್ದಲ್ಲ. ಅದೇ ಕುಟುಂಬದ ದತ್ತೂರಿಯಲ್ಲೂ ಅದಿದೆ, ಅಲ್ಲಿ ಬೇರೆಯೇ ವಿಷ ತಯಾರಿಸುತ್ತದೆ. ನಿಕೋಟಿನ್ ಎಂಬುದು ಹುಟ್ಟುವ ಮೊದಲೇ ಅದರ ಅರ್ಧ ದಾರಿ ಇತ್ತು, ಬೇರೆ ಕೆಲಸದಲ್ಲಿ ತೊಡಗಿತ್ತು. ಅರ್ಧ ಆದದ್ದು ನಿರುಪಯೋಗಿ ಎಂಬ ಮಾತು ಬಿದ್ದುಹೋಗುವುದು ಇಲ್ಲಿ. ಇಂದು ಒಂದನ್ನು ಬಿಟ್ಟು ಒಂದಿಲ್ಲ ಎನ್ನುವುದರಿಂದ, ಅಂದೂ ಹಾಗೇ ಇತ್ತು ಎಂದಾಗುವುದಿಲ್ಲ.

ಈ ವಿಷದ ಮುಂದೆಯೂ ತಂಬಾಕಿನ ಎಲೆ ತಿನ್ನುವ ಕೀಡಿ ಒಂದಿದೆ, ಸ್ಪೊಡೋಪ್ಟೆರಾ ಲಿಟುರಾ; ನಿಪ್ಪಾಣಿಯಲ್ಲಿ ಸೋಯಾಬೀನಿಗೂ ಅದೇ ಕಾಟ. 2017ರಲ್ಲೇ ಅದರ ಜೀನೋಮ್ ಕೂಡ ಬಂತು. ವಿಷ ಮುರಿಯುವ ಕಿಣ್ವಗಳ ಜೀನ್‌ಗಳು ಅಲ್ಲಿಯೂ ಪ್ರತಿ ಮೇಲೆ ಪ್ರತಿಯಾಗಿ ಬೆಳೆದಿದ್ದವು.

ಮತ್ತೆ ಬಂಬಾಕು. ಅದರ ಬೀಜಕ್ಕೂ ತಂಬಾಕಿನ ಬೇರಿಗೂ ಇರುವ ಹೊಂದಿಕೆ ಒಂದಕ್ಕಾಗಿ ಇನ್ನೊಂದನ್ನು ಮಾಡಿದಂತೆ ಕಾಣುತ್ತದೆ. ಆದರೆ ತಂಬಾಕು ಹೊಸ ಜಗತ್ತಿನದು, ಈ ಬಂಬಾಕು ಹಳೆ ಜಗತ್ತಿನದು. ಮೆಡಿಟರೇನಿಯನ್ನಿನಿಂದ ಮಧ್ಯ ಏಷ್ಯಾದ ಕಡೆಗೆ ಹಬ್ಬಿದ್ದ ಕಾಡುಗಿಡ. ನಾಲ್ಕೈದು ನೂರು ವರ್ಷಗಳ ಹಿಂದೆ ಹಡಗುಗಳು ತಂಬಾಕನ್ನು ತರುವ ತನಕ ಇವೆರಡೂ ಒಂದರ ಮುಖ ಒಂದು ಕಂಡಿರಲಿಲ್ಲ. ಹಾಗಾದರೆ ಹೊಂದಿಕೆ ಎಲ್ಲಿಂದ ಬಂತು? ಮಣ್ಣಿನಲ್ಲಿ ರಂಜಕ ಸಾಲದಾದಾಗ ಗಿಡದ ಬೇರುಗಳು ಸ್ಟ್ರೈಗೊಲಾಕ್ಟೋನ್ ಎಂಬ ವಸ್ತುವನ್ನು ಒಸರುತ್ತವೆ. ಬೇರಿಗೆ ಕೂಡಿಕೊಂಡು ರಂಜಕ ತಂದುಕೊಡುವ ಶಿಲೀಂಧ್ರಗಳನ್ನು ಕರೆಯುವ ಸಂಕೇತ ಅದು. ಇದನ್ನು ಜಪಾನಿನ ಅಕಿಯಾಮಾ ತಂಡ 2005ರಲ್ಲಿ ತೋರಿಸಿತು. ಸಂಕೇತ ಬಹಳ ಹಳೆಯದು, ನೆಲದ ಮೇಲಿನ ಬಹುಪಾಲು ಗಿಡಗಳಲ್ಲಿ ಇದೆ. ಬಂಬಾಕಿನ ವಂಶ ಕದ್ದು ಕೇಳುತ್ತಿದ್ದದ್ದು ಅದನ್ನೇ, ಬೇರೆ ಗಿಡಗಳ ಬೇರಿನಿಂದ. ತಂಬಾಕು ಬಂದಾಗ ಅದೂ ಅದೇ ಮಾತಾಡಿತು.

ಕೇಳುವ ಕಿವಿ ಹೇಗೆ ಬಂತು ಎಂಬುದೂ ಗೊತ್ತಾಗಿದೆ. ಸಾಮಾನ್ಯ ಗಿಡಗಳ ಬೀಜಗಳಲ್ಲಿ ಕೆಎಐ2 ಎಂಬ ಗ್ರಾಹಕ ಪ್ರೋಟೀನ್ ಇದೆ. ಕಾಡ್ಗಿಚ್ಚಿನ ಹೊಗೆಯಲ್ಲಿರುವ ವಸ್ತುಗಳಿಗೆ ಅದು ಸ್ಪಂದಿಸುತ್ತದೆ. ಬೆಂಕಿ ಬಿದ್ದ ನೆಲದಲ್ಲಿ ಕೆಲವು ಬೀಜಗಳು ಮೊಳೆಯಲು ಇದೇ ಕಾರಣ. 2015ರಲ್ಲಿ ಬಂದ ಅಧ್ಯಯನದ ಪ್ರಕಾರ ಬಂಬಾಕಿನ ಕುಟುಂಬದ ಪರೋಪಜೀವಿಗಳಲ್ಲಿ ಈ ಜೀನ್ ಹಲವು ಪ್ರತಿಯಾಗಿ, ಕೆಲವು ಪ್ರತಿಗಳು ಹೊಗೆ ಬಿಟ್ಟು ಸ್ಟ್ರೈಗೊಲಾಕ್ಟೋನ್ ಹಿಡಿಯುವಂತಾಗಿವೆ. ನಿಕೋಟಿನ್ ಹಾದಿಯಲ್ಲಿ ಕಂಡ ಅದೇ ಕ್ರಮ: ಇದ್ದದ್ದರ ಪ್ರತಿ, ಪ್ರತಿಗೆ ಹೊಸ ಕೆಲಸ.

ಇವೆಲ್ಲ ಗಳಿಕೆಯ ಕಥೆಗಳು. ನನ್ನನ್ನು ಕೇಳಿದರೆ ಕಳೆದುಕೊಂಡದ್ದರ ಕಥೆಯೇ ಹೆಚ್ಚು ಗಟ್ಟಿ. ಎಲೆಯ ಹಸಿರು ಕಣ, ಅಂದರೆ ಕ್ಲೋರೊಪ್ಲಾಸ್ಟ್, ತನ್ನದೇ ಪುಟ್ಟ ಡಿಎನ್ಎ ಇಟ್ಟುಕೊಂಡಿದೆ. 1986ರಲ್ಲಿ ಜಪಾನಿನ ನಗೋಯಾದಲ್ಲಿ ಹೂಬಿಡುವ ಗಿಡಗಳ ಪೈಕಿ ಮೊದಲ ಬಾರಿಗೆ ಅದನ್ನು ಪೂರ್ತಿ ಓದಿದ್ದು ತಂಬಾಕಿನದೇ. ಉದ್ದ ಸುಮಾರು 1,56,000 ಅಕ್ಷರ. 1992ರಲ್ಲಿ ಬಂಬಾಕಿನ ದಾಯಾದಿ, ಅಮೆರಿಕದ ಬೀಚ್ ಮರದ ಬೇರಿಗೆ ಅಂಟಿ ಬದುಕುವ ಎಪಿಫೇಗಸ್ ಗಿಡದ್ದನ್ನು ಓದಿದರು. ಅಲ್ಲಿ ಉಳಿದದ್ದು ಸುಮಾರು 70,000. ದ್ಯುತಿಸಂಶ್ಲೇಷಣೆಯ ಜೀನ್‌ಗಳು ಒಂದೋ ಕಾಣೆ, ಇಲ್ಲವೇ ನಡುನಡುವೆ ಹರಿದು ಓದಲಾಗದ ಸ್ಥಿತಿಯಲ್ಲಿ ಬಿದ್ದಿವೆ. ಒರೊಬಾಂಕೆ ಜಾತಿಗಳಲ್ಲಿ ಇಂಗಾಲ ಹಿಡಿಯುವ ಮುಖ್ಯ ಕಿಣ್ವದ ಜೀನ್ ಕೆಲವದರಲ್ಲಿ ಇನ್ನೂ ಓದುವಂತಿದೆ, ಕೆಲವದರಲ್ಲಿ ಕೆಟ್ಟಿದೆ. ಬಿಸಿಲಿನಲ್ಲಿ ಊಟ ತಯಾರಿಸದ ಗಿಡಕ್ಕೆ ಆ ಕೆಲಸದ ಮುರಿದ ಜೀನ್ ಯಾತಕ್ಕೆ? ಪರೋಪಜೀವಿಯನ್ನೇ ಹೊಸದಾಗಿ ಯೋಜಿಸಿದವರಿದ್ದರೆ ಅದನ್ನು ಹಾಕುವ ಕಾರಣವಿಲ್ಲ. ಹಸಿರು ಅಜ್ಜಂದಿರಿಂದ ಬಂದ ಗಿಡವಾದರೆ ಅಂಥ ಕೆಟ್ಟ ಉಳಿಕೆಗಳು ಸಿಗುವುದು ಸಹಜ.

ಡೋವರ್ ವಿಚಾರಣೆಯ ಆ ತುಣುಕನ್ನು ಈಗ ಹೇಳಬಹುದು. ಶಾಲೆಯ ಗ್ರಂಥಾಲಯಕ್ಕೆ ತರಿಸಿದ್ದ ವಿನ್ಯಾಸವಾದದ ಪಠ್ಯಪುಸ್ತಕದ ಹಳೆಯ ಕರಡುಗಳು ಕೋರ್ಟಿಗೆ ಬಂದವು. 1987ರ ತೀರ್ಪಿಗೆ ಮೊದಲಿನ ಕರಡಿನಲ್ಲಿ ಸೃಷ್ಟಿವಾದಿಗಳು ಎಂದಿದ್ದ ಕಡೆ, ಆಮೇಲಿನದರಲ್ಲಿ ವಿನ್ಯಾಸದ ಪ್ರತಿಪಾದಕರು ಎಂದಿತ್ತು. ಒಂದು ಕರಡಿನಲ್ಲಿ ಅಳಿಸುವವರ ಕೈ ತಪ್ಪಿ ಹಳೆಯ ಪದದ ತಲೆ ಬಾಲಗಳ ನಡುವೆ ಹೊಸದು ಸಿಕ್ಕಿಕೊಂಡಿತ್ತು. ಯಾವ ಭಾಷೆಯಲ್ಲೂ ಇಲ್ಲದ ಆ ಮುದ್ದೆ ಪದ ಪುಸ್ತಕದ ವಂಶವನ್ನು ಹೇಳಿಬಿಟ್ಟಿತು. ಅರ್ಥವಿಲ್ಲದ ಉಳಿಕೆ ಇದ್ದಲ್ಲಿ ಹಿಂದೊಂದು ಅರ್ಥವಿದ್ದ ಮೂಲವಿತ್ತು ಎಂಬುದೇ ಇಲ್ಲಿನ ತರ್ಕ. ಬಂಬಾಕಿನ ಮುರಿದ ಜೀನ್ ಮುಂದಿಟ್ಟು ಜೀವವಿಜ್ಞಾನಿಗಳು ಮಾಡುವ ತರ್ಕ ಇದಕ್ಕಿಂತ ಒಂದು ಕೂದಲೂ ಬೇರೆಯಲ್ಲ.

ಹಾಗಾದರೆ ಬುದ್ಧಿಗೆ ಜಾಗವೇ ಇಲ್ಲವೇ? ಇದೆ. ಅಥಣಿ, ರಾಯಬಾಗದ ಕಬ್ಬಿನ ಗದ್ದೆಗಳನ್ನು ನೋಡಿ. 1912ರಲ್ಲಿ ಕೊಯಮತ್ತೂರಿನಲ್ಲಿ ಸುರುವಾದ ತಳಿ ಕೇಂದ್ರದಲ್ಲಿ ಬಾರ್ಬರ್ ಮತ್ತು ವೆಂಕಟರಾಮನ್ ಸಿಹಿ ಕಬ್ಬನ್ನು ಹುಲ್ಲಿನಂಥ ಕಾಡು ಕಬ್ಬಿನೊಡನೆ ಕೂಡಿಸಿದರು. 1918ರಲ್ಲಿ ರೈತರಿಗೆ ಸಿಕ್ಕ ಸಿಒ 205 ಅದರ ಫಲ. ನಿಪ್ಪಾಣಿಯಲ್ಲೂ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಬೀಡಿ ತಂಬಾಕಿನ ತಳಿಗಳ ಮೇಲೆ ದುಡಿಯುತ್ತಿದೆ. ಇಲ್ಲಿ ಗುರಿ ಇದೆ, ಯೋಜನೆ ಇದೆ, ಬುದ್ಧಿವಂತರಿದ್ದಾರೆ. ಆದರೂ ಅವರು ಮಾಡುವುದು ಆರಿಸುವುದನ್ನು. ಬೀಜ ಬಿತ್ತಿ, ಸಾವಿರಾರು ಸಸಿಗಳಲ್ಲಿ ಬೇಡವಾದದ್ದನ್ನೆಲ್ಲ ಕಿತ್ತೆಸೆದು ಕೆಲವನ್ನು ಉಳಿಸಿಕೊಳ್ಳುತ್ತಾರೆ. ಯಾವ ಸಸಿಯಲ್ಲಿ ಏನು ಬರುತ್ತದೆಂಬುದು ಅವರ ಕೈಯಲ್ಲಿಲ್ಲ. ಇಂದಿನ ಕಬ್ಬಿನ ಕೋಶದಲ್ಲಿ 100ರಿಂದ 130ರವರೆಗೆ ವರ್ಣತಂತುಗಳಿವೆ, ತಳಿಯಿಂದ ತಳಿಗೆ ಲೆಕ್ಕ ಬೇರೆ. ಕಾಗದದ ಮೇಲೆ ಬರೆದು ಕಟ್ಟಿದ ವಸ್ತುವಿನ ಲಕ್ಷಣ ಇದಲ್ಲ. ಡಾರ್ವಿನ್ ತನ್ನ ಪುಸ್ತಕದ ಮೊದಲ ಅಧ್ಯಾಯವನ್ನು ಸಾಕುಪ್ರಾಣಿ, ಬೆಳೆಗಳ ತಳಿಗಳಿಗೆ ಮೀಸಲಿಟ್ಟದ್ದು ಸುಮ್ಮನಲ್ಲ. ಆರಿಸುವವರು ಮನುಷ್ಯರಾಗಿದ್ದರೂ ಆಯಿತು, ಹುಳ, ರೋಗ, ಬರ ಆದರೂ ಆಯಿತು. ಆರಿಸಿಕೊಳ್ಳಲು ಬೇಕಾದ ವ್ಯತ್ಯಾಸ ಹುಟ್ಟುವ ರೀತಿ ಎರಡೂ ಕಡೆ ಒಂದೇ.

ಎರಡು ಬಗೆಯ ಆಯ್ಕೆ ಎದುರುಬದುರಾದರೆ ಏನಾಗುತ್ತದೆಂಬುದನ್ನು ಬಂಬಾಕಿನ ಹತ್ತಿರದ ನೆಂಟ ಒರೊಬಾಂಕೆ ಕುಮಾನಾ ತೋರಿಸಿದೆ. ಸೂರ್ಯಕಾಂತಿಯೂ ಅಮೆರಿಕದ ಗಿಡ. ಹತ್ತೊಂಬತ್ತನೆಯ ಶತಮಾನದಲ್ಲಿ ರಷ್ಯಾದ ಹೊಲಗಳಿಗೆ ಅದು ದೊಡ್ಡದಾಗಿ ಬಂದಾಗ, ಅಲ್ಲಿನ ಕಾಡು ಗಿಡಗಳ ಮೇಲಿದ್ದ ಕುಮಾನಾ ಅದಕ್ಕೆ ಹತ್ತಿತು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ತಳಿವಿಜ್ಞಾನಿಗಳು ಅದನ್ನು ತಾಳುವ ಸೂರ್ಯಕಾಂತಿ ಕೊಟ್ಟರು. ಕೆಲವೇ ವರ್ಷಗಳಲ್ಲಿ ಆ ತಳಿಯನ್ನೂ ಹೀರುವ ಕುಮಾನಾ ಬಂತು. ಮಣ್ಣಿನಲ್ಲಿದ್ದ ಕೋಟಿಗಟ್ಟಲೆ ಬೀಜಗಳಲ್ಲಿ ಅದನ್ನು ದಾಟಬಲ್ಲವು ಮೊದಲೇ ಕೆಲವಿದ್ದವು, ಉಳಿದವು ಹಸಿದು ಸತ್ತಾಗ ಅವು ಹೊಲ ತುಂಬಿದವು. ಮೊದಲಿನದಕ್ಕೆ ಎ, ಇದಕ್ಕೆ ಬಿ ಎಂದು ಗುರುತು ಹಾಕಿದರು. ಹೊಸ ತಳಿ ಕೊಟ್ಟಷ್ಟೂ ಹೊಸ ಬಗೆ. 1980ರ ಹೊತ್ತಿಗೆ ರುಮೇನಿಯಾದಲ್ಲಿ ಇ ತನಕ ಎಣಿಸಿದರು. 1990ರ ದಶಕದಲ್ಲಿ ಸ್ಪೇನಿನಲ್ಲಿ ಎಫ್ ಸಿಕ್ಕಿತು. ಆಮೇಲೆ ಜಿ, ಎಚ್. ತಾಳುವ ಜೀನ್ ಇನ್ನೊಂದಕ್ಕಾಗಿ ತಳಿವಿಜ್ಞಾನಿಗಳು ಈಗ ತಡಕುತ್ತಿರುವುದು ಕಾಡು ಸೂರ್ಯಕಾಂತಿಗಳಲ್ಲಿ.